ಕಾಂಬ ಅಂದ್ರೆ ಎಂತ

ತಲ್ಲೂರಿನ ಕುಷ್ಟ ಎಂಬವನು ಬಾಯಲ್ಲಿ ಮುರಿದ ಕಾಲುಗಳನ್ನೆಲ್ಲ ನಿಜವೆಂದು ಹಿಡಿದರೆ, ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ನಡೆದಾಡುವ ಒಂದು ನರಪಿಳ್ಳೆಯೂ ಉಳಿಯಬಾರದಿತ್ತು. ಮಗ, ಮಗನ ಸ್ನೇಹಿತರು, ಮೀನು ತರುವ ಹೆಂಗಸು, ಕರೆಂಟ್ ಬಿಲ್ಲಿನವ, ತೆಂಗಿನ ಮರದ ಮೇಲಿನ ಕಾಗೆ, ಎಲ್ಲರಿಗೂ ಅವನು ಒಂದೇ ಸಮ ಹೇಳುತ್ತಿದ್ದ: ಕಾಲ್ ಮುರಿತೆ. ಕಾಗೆಯ ಕಾಲು ಮುರಿಯುವುದು ಹೇಗೆಂದು ಕೇಳಿದವರಿಗೂ ಅದೇ ಉತ್ತರ ಸಿಕ್ಕಿತ್ತು.

ಹರೆಯದಲ್ಲಿ ಅವನು ಕೋಣ ಕಟ್ಟಿ ಗದ್ದೆ ಉತ್ತವನು. ಕೋಣಗಳಿಗೆ ಬೇರೆ ಭಾಷೆ ಅರ್ಥವಾಗುತ್ತಿರಲಿಲ್ಲವಂತೆ. ಕೋಣ ಹೋಗಿ ಟಿಲ್ಲರ್ ಬಂದ ಮೇಲೆ ಟಿಲ್ಲರಿಗೂ ಅದೇ ಭಾಷೆ ನಡೆಯಿತು. ಒಮ್ಮೆ ಅಂಗಳದಲ್ಲಿ ನಿಂತು ಹೇಂಟೆ ಕೋಳಿಯೊಂದಕ್ಕೆ ‘ಸಿಗ್ದ್ ತೋರ್ಣ ಕಟ್ತೆ’, ಅಂದರೆ ಸೀಳಿ ತೋರಣ ಕಟ್ಟುತ್ತೇನೆ, ಎಂದು ಕೂಗಿದಾಗ ಹೆದ್ದಾರಿಯಲ್ಲಿ ಬೈಂದೂರಿನ ಬಸ್ಸು ಗಕ್ಕನೆ ನಿಂತಿತ್ತು. ಡ್ರೈವರ್ ಇಳಿದು ಬಂದು, ತಾನು ಎಂತ ತಪ್ಪು ಮಾಡಿದೆ ಎಂದು ಕೇಳಿ ಹೋಗಿದ್ದ. ಮನೆಗೂ ಹೆದ್ದಾರಿಗೂ ನಡುವೆ ಎರಡು ಗದ್ದೆ, ಒಂದು ತೋಡು. ನಂಬಿಕೆಯಿಲ್ಲದವರು ಬಂದು ನೋಡಬಹುದು. ಗದ್ದೆ ಈಗಲೂ ಅಲ್ಲೇ ಇದೆ.

ಅವನು ಯಾರ ಮೇಲಾದರೂ ಕೈ ಎತ್ತಿದ್ದನ್ನು ಮಾತ್ರ ಕಂಡವರಿಲ್ಲ. ಹೇಂಟೆ ಕೂಡ ಮುದಿಯಾಗಿ ತಾನಾಗಿಯೇ ಸತ್ತಿತು.

ಮಗ ಸುಧಾಕರ ಅಪ್ಪನಿಗೆ ಪೂರ್ತಿ ಉಲ್ಟಾ. ಹೆದ್ದಾರಿ ಬದಿಯಲ್ಲಿ ಅವನದ್ದು ಪೈಪು, ನಲ್ಲಿ, ಸಿಂಟೆಕ್ಸ್ ಟಾಂಕಿಗಳ ಅಂಗಡಿ. ಅವನ ಮಾತು ಕೇಳಬೇಕಾದರೆ ಫ್ಯಾನ್ ಆಫ್ ಮಾಡಬೇಕು. ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ, ಬೀಡಿಯಿಲ್ಲ, ಎಲೆಯಡಿಕೆಯೂ ಇಲ್ಲ. ಮದುವೆಯಾಗದ ಹೆಣ್ಣುಮಕ್ಕಳ ತಾಯಂದಿರು ಅವನ ಹೆಂಡತಿ ಶ್ರಾವ್ಯಳನ್ನು ನೋಡಿದಾಗೆಲ್ಲ, ನೀನು ಪುಣ್ಯ ಮಾಡಿದವಳು ಎನ್ನುತ್ತಿದ್ದರು. ಶ್ರಾವ್ಯ ಅದಕ್ಕೆ ಹೌದು ಎನ್ನುತ್ತಿದ್ದಳು. ಅಲ್ಲ ಎನ್ನಲು ಕಾರಣ ಬೇಕಲ್ಲ.

ಶ್ರಾವ್ಯ ಬ್ರಹ್ಮಾವರದ ಕಡೆಯವಳು. ಔಷಧಿಯ ಓದು ಓದಿದವಳು, ಮದುವೆಗೆ ಮೊದಲು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದವಳು. ಈ ಬೇಸಿಗೆಯ ಕೊನೆಗೆ ಜೊತೆಗೆ ಓದಿದ ದೀಕ್ಷಾ ಬೈಂದೂರಿನ ಬಸ್‌ಸ್ಟ್ಯಾಂಡ್ ಹತ್ತಿರ ತನ್ನದೇ ಮೆಡಿಕಲ್ ತೆರೆದು, ಮುಂದಿನ ಒಂದನೇ ತಾರೀಕಿಗೆ ಬಂದು ಸೇರು, ಇಲ್ಲದಿದ್ದರೆ ಬೇರೆಯವರನ್ನು ಹುಡುಕುತ್ತೇನೆ ಎಂದು ಫೋನ್ ಮಾಡಿದಳು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಮಗಳು ಪ್ರೇಕ್ಷಾ ಯುಕೆಜಿ. ಮಧ್ಯಾಹ್ನದವರೆಗೆ ಶಾಲೆ, ಆಮೇಲೆ ಅಜ್ಜ ಅಜ್ಜಿಯ ಹತ್ತಿರ. ಎಲ್ಲ ಸರಿಹೊಂದುತ್ತದೆ ಅಂದುಕೊಳ್ಳುವಾಗಲೇ ಶಾಲೆಯಿಂದ ಕರೆ ಬಂತು.

ರತ್ನ ಟೀಚರ್ ಶ್ರಾವ್ಯಳನ್ನು ಸಣ್ಣ ಕುರ್ಚಿಯಲ್ಲಿ ಕೂರಿಸಿ ವಿಷಯ ಹೇಳಿದರು. ಪ್ರಖ್ಯಾತ್ ಎಂಬ ಹುಡುಗ ಪ್ರೇಕ್ಷಾಳ ರಬ್ಬರ್ ತೆಗೆದಿದ್ದ. ಅವಳು ಸೊಂಟಕ್ಕೆ ಕೈಯಿಟ್ಟು, ಸಿಗ್ದ್ ತೋರ್ಣ ಕಟ್ತೆ ಎಂದಿದ್ದಳು. ಹುಡುಗ ಮನೆಗೆ ಹೋಗಿ, ತೋರಣ ನಮ್ಮ ಮನೆ ಬಾಗಿಲಿಗೇ ಕಟ್ಟುವುದಾ ಅಥವಾ ಅವರ ಮನೆ ಬಾಗಿಲಿಗಾ ಎಂದು ತಾಯಿಯನ್ನು ಕೇಳಿದ್ದ. ರಾತ್ರಿಗೆ ಜ್ವರ ಬಂದಿತ್ತು. ತಾಯಿ ಬೆಳಿಗ್ಗೆಯೇ ಶಾಲೆಯಲ್ಲಿ ಹಾಜರು.

“ಇನ್ನೊಂದ್ ಸಲ ಹೀಂಗೆ ಆರೆ ಹೆಡ್ ಮೇಡಂ ಟಿಸಿ ಕೊಡ್ತ್ರ್ ಅಂಬ್ರ್,” ಎಂದರು ಟೀಚರ್. ಅವರಿಗೂ ಸುಸ್ತಾದಂತೆ ಕಾಣುತ್ತಿತ್ತು. “ಮನಿಯಲ್ಲಿ ಯಾರ್ ಹಾಂಗ್ ಮಾತಾಡುದ್?”

ಯಾರೆಂದು ಹೇಳುವ ಅಗತ್ಯವಿರಲಿಲ್ಲ. ಶಾಲೆಯ ಕಿಟಕಿಗೂ ಆ ಸ್ವರ ಆಗಾಗ ಬರುತ್ತಿತ್ತು.

ಅಂದು ಊಟಕ್ಕೆ ಬಂಗುಡೆ ಸಾರು. ಶ್ರಾವ್ಯ ಎಲ್ಲರಿಗೂ ಬಡಿಸಿ, ಕೂತು, ಮಾವನ ಬಟ್ಟಲಿಗೆ ಇನ್ನೊಂದು ಮೀನು ಹಾಕಿ ಮಾತು ಶುರುಮಾಡಿದಳು.

“ಮಾವಯ್ಯ, ಮಗಿನ್ ಎದ್ರ್ ಇನ್ ಕಾಲ್ ಮುರುದ್ ಬ್ಯಾಡ.”

“ಯಾರ ಕಾಲ್?”

“ಯಾರದ್ದೂ.”

ಕುಷ್ಟ ಮೀನಿನ ಮುಳ್ಳು ತೆಗೆಯುತ್ತಾ ಯೋಚಿಸಿದ. “ಕೈ ಅಡ್ಡಿಲ್ಯಾ?”

“ಕೈಯೂ ಬ್ಯಾಡ. ಹಲ್ಲೂ ಬ್ಯಾಡ. ಬಾವಿಗ್ ಹಾಕುದೂ ಬ್ಯಾಡ.”

“ತೋಡಿಗ್?”

“ತೋಡಲ್ಲ್ ನೀರೇ ಇಲ್ಲ, ಉಣ್ಣಿ ಸುಮ್ನೆ,” ಎಂದಳು ಕುಷ್ಟನ ಹೆಂಡತಿ ಸರೋಜ.

ಅದೆಲ್ಲ ಹೆದರಿಸುವುದೇ ಅಲ್ಲ, ಬರೀ ಮಾತು ಎಂದು ಕುಷ್ಟ ವಾದಿಸಿದ. ಬಾ ಅಂದರೆ ಮಗು ಬರುವುದಿಲ್ಲ, ಕಾಲು ಮುರಿತೆ ಅಂದರೆ ಬರುತ್ತದೆ, ನಗುತ್ತಲೇ ಬರುತ್ತದೆ. ಹೆದರಿದವರು ನಗುವುದುಂಟಾ ಎಂದು ಕೇಳಿದ. ಸುಧಾಕರನನ್ನೂ ಹಾಗೆಯೇ ಬೆಳೆಸಿದ್ದು, ಅವನ ಎರಡು ಕಾಲೂ ಸರಿಯಾಗಿಯೇ ಇವೆ ಎಂದು ಬೊಟ್ಟು ಮಾಡಿ ತೋರಿಸಿದ. ಸುಧಾಕರ ತನ್ನ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡು, ಶ್ರಾವ್ಯ ಹೇಳುವುದರಲ್ಲಿ ತಪ್ಪಿಲ್ಲ ಅಪ್ಪಯ್ಯ ಎಂದು ಮೆಲ್ಲಗೆ ಹೇಳಿದ.

ಶ್ರಾವ್ಯ ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿದಳು.

“ನಮ್ಮನಿಯಲ್ಲೂ ಇದೇ ಮಾತ್ ಇದ್ದಿತ್ತ್ ಮಾವಯ್ಯ. ಆರೆ ನಮ್ಮ್ ಅಪ್ಪಯ್ಯ ಹೇಳಿರೆ ಮಾಡ್ತಿದ್ರ್. ಅಮ್ಮನ ಬಲಗೈ ಇವತ್ತಿಗೂ ಸಮ ಆಯ್ಲಿಲ್ಲ.”

ಬ್ರಹ್ಮಾವರ ಬಸ್ಸಿನಲ್ಲಿ ದೂರವೇನಲ್ಲ. ಭಾಷೆಯೂ ಒಂದೇ. ಇಷ್ಟು ಹತ್ತಿರದಲ್ಲಿ ಅದೇ ಮಾತಿಗೆ ಬೇರೆ ಅರ್ಥ ಇದ್ದೀತೆಂದು ಕುಷ್ಟನಿಗೆ ಹೊಳೆದೇ ಇರಲಿಲ್ಲ. ಬೀಗತಿಯ ಕೈ ಡೊಂಕಾಗಿರುವುದನ್ನು ಅವನು ಮದುವೆಯ ದಿನವೇ ಕಂಡಿದ್ದ, ಬಿದ್ದಿರಬೇಕು ಅಂದುಕೊಂಡಿದ್ದ. ಕೈಯಲ್ಲಿದ್ದ ಮುಳ್ಳನ್ನು ಬಟ್ಟಲಿನ ಅಂಚಿಗಿಟ್ಟು, “ಆಯ್ತ್. ಹೇಳ್ತಿಲ್ಲೆ,” ಎಂದ.

ಆ ಒಳ್ಳೆಯ ಗಳಿಗೆಯಲ್ಲೇ ಶ್ರಾವ್ಯ ಬೈಂದೂರಿನ ಮಾತನ್ನೂ ತೆಗೆದಳು. ದೀಕ್ಷಾಳ ಅಂಗಡಿ, ಒಂದನೇ ತಾರೀಕು, ಬಸ್ಸಿನ ಹೊತ್ತು, ಬೆಳಿಗ್ಗೆಯೇ ಎರಡು ಹೊತ್ತಿನ ಅಡುಗೆ ಮುಗಿಸಿ ಹೋಗುವ ಲೆಕ್ಕಾಚಾರ, ಎಲ್ಲ ಹೇಳಿದಳು. ಸರೋಜ ತಲೆಯಾಡಿಸಿದಳು. ಕುಷ್ಟನೂ ತಲೆಯಾಡಿಸಿದ, ಬಾಯಿ ತೆರೆದರೆ ಏನು ಬಂದೀತೋ ಎಂಬ ಭಯ ಅವನಿಗೆ ಆಗಲೇ ಹತ್ತಿತ್ತು.

“ಹೋಪುದಾರೆ ಹೋಗ್. ನಾ ಎಂತ ಹೇಳ್ತಿಲ್ಲೆ,” ಎಂದ ಸುಧಾಕರ. ಆಮೇಲೆ, “ಕಾಂಬ,” ಎಂದ.

ಬಟ್ಟಲನ್ನು ಮೆಲ್ಲಗೆ ಮುಂದೆ ಸರಿಸಿ, ಎದ್ದು ಹೋಗಿ ಕೈ ತೊಳೆದ. ಬಂಗುಡೆ ಹಾಗೆಯೇ ಇತ್ತು.

ಕಾಂಬ ಎಂದರೆ ನೋಡೋಣ ಎಂದಷ್ಟೇ. ಆ ಮಾತಿಗೆ ಹೆದರಿ ಈವರೆಗೆ ಯಾವ ಬಸ್ಸೂ ನಿಂತಿಲ್ಲ. ಮದುವೆಯ ಹೊಸತರಲ್ಲಿ ಶ್ರಾವ್ಯ ಅಮ್ಮನ ಮನೆಯಲ್ಲಿ ಒಂದು ವಾರ ಇದ್ದು ಬರುತ್ತೇನೆ ಎಂದಾಗ ಅವನು ಕಾಂಬ ಎಂದಿದ್ದ. ಹೋಗಬೇಡ ಎಂದಿರಲಿಲ್ಲ. ಅವಳು ಹೋದ ಮೇಲೆ ಮನೆಯಲ್ಲಿ ಉಣ್ಣುವುದನ್ನು ಬಿಟ್ಟಿದ್ದ. ಸರೋಜ ಗಾಬರಿಯಾಗಿ ಫೋನ್ ಮಾಡಿ ಸೊಸೆಯನ್ನು ಮಾರನೆಯ ದಿನವೇ ಕರೆಸಿದ್ದಳು. ಸ್ಕೂಟಿ ಕಲಿಯುತ್ತೇನೆ ಎಂದಾಗ ಕಾಂಬ ಎಂದಿದ್ದ. ಆಮೇಲೆ ಸ್ಕೂಟಿಯ ಕೀ ಅಂಗಡಿಯ ಡ್ರಾಯರಿನಲ್ಲೇ ಉಳಿಯಿತು, ಅವನ ಮಾತು ಯುಗಾದಿಯಿಂದ ಮಳೆಗಾಲದವರೆಗೆ ನಿಂತಿತು. ಬೈದರೆ ತಿರುಗಿ ಬೈಯಬಹುದು. ಉಣ್ಣದೆ ಎದ್ದು ಹೋದವನಿಗೆ ಏನು ಉತ್ತರ ಕೊಡುವುದು? ಗಂಡ ಹಸಿದು ಎದ್ದರೆ ಹೆಂಡತಿ ಕೂತು ಉಣ್ಣುವಂತಿಲ್ಲ ಎಂಬ ಕಾನೂನನ್ನು ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಆದರೂ ಶ್ರಾವ್ಯ ಎದ್ದಳು. ಸರೋಜ ಎರಡೂ ಬಟ್ಟಲುಗಳ ಮೇಲೆ ಮುಚ್ಚಳ ಮುಚ್ಚಿದಳು. ಪ್ರೇಕ್ಷಾ ಬಾಯಲ್ಲಿ ಅನ್ನ ಇಟ್ಟುಕೊಂಡೇ ನೋಡುತ್ತಿದ್ದಳು.

ಮುಂದಿನ ವಾರಗಳು ಕಷ್ಟದವು. ಕುಷ್ಟ ಕೊಟ್ಟ ಮಾತು ಉಳಿಸಿಕೊಂಡ. ಅದರಿಂದ ಮನೆ ನಡೆಯುವುದೇ ನಿಂತಿತು. ನಾಯಿ ಗೇಟಿನಲ್ಲಿ ಅಡ್ಡ ಮಲಗಿದರೆ ಏಳುತ್ತಿರಲಿಲ್ಲ, ಹಾಲಿನವ ಗೋಡೆ ಹತ್ತಿ ಬರಬೇಕಾಯಿತು. ಕಾಗೆಗಳು ಒಣಗಲು ಹಾಕಿದ ಸಂಡಿಗೆ ತಿಂದು, ಅಲ್ಲೇ ಮಧ್ಯಾಹ್ನದ ನಿದ್ದೆ ಮುಗಿಸಿಕೊಂಡು ಹೋಗತೊಡಗಿದವು. ಆಚೆಮನೆಯವರು ಕುಷ್ಟ ತೀರಿಕೊಂಡನೆಂದು ತಿಳಿದು ಹಾರ ಹಿಡಿದೇ ಬಂದಿದ್ದರು. ಬಂದವರಿಗೆ ಅವನೇ ಚಾ ಕೊಟ್ಟ. ಹಾರ ವಾಪಸ್ಸು ಒಯ್ಯುವುದು ಸರಿಯಲ್ಲವೆಂದು ಅದನ್ನು ದೇವರ ಫೋಟೋಕ್ಕೆ ಹಾಕಿ ಹೋದರು.

ಕುಷ್ಟನಿಗೆ ಬೇರೆ ಮಾತು ಬರುತ್ತಿರಲಿಲ್ಲ, ಅದೇ ತೊಂದರೆ. ಮಗುವಿಗೆ ಉಣಿಸಲು ಕೂತವನು ಗಂಟಲು ಸರಿಮಾಡಿಕೊಂಡು, ದಯವಿಟ್ಟು ಉಣ್ಣಮ್ಮ ಎಂದ. ಪ್ರೇಕ್ಷಾ ಅವನ ಹಣೆ ಮುಟ್ಟಿ ನೋಡಿ, ಅಮ್ಮಮ್ಮ, ಅಜ್ಜಯ್ಯಂಗೆ ಜ್ವರ ಎಂದು ಕೂಗಿದಳು. ಅಂದಿನಿಂದ ಅವನು ಬಾಯಿ ತೆರೆದು, ಅರ್ಧಕ್ಕೆ ನಿಲ್ಲಿಸಿ, ಮುಚ್ಚುವುದನ್ನು ಅಭ್ಯಾಸ ಮಾಡಿಕೊಂಡ. “ಕಾಲ್...” ಎಂದು ಶುರುಮಾಡಿ, ಸೊಸೆ ನೋಡಿದರೆ, “ಕಾಲ್ ತೊಳ್ಕೊ,” ಎಂದು ಮುಗಿಸುತ್ತಿದ್ದ. ಮಗು ಇಡೀ ದಿನ ಕಾಲು ತೊಳೆಯುತ್ತಿತ್ತು.

ಸರೋಜಳಿಗೆ ಇದರಿಂದ ಸಂತೋಷವಾಗಿದೆಯೋ ಬೇಜಾರಾಗಿದೆಯೋ ಎಂದು ಶ್ರಾವ್ಯಳಿಗೆ ತಿಳಿಯಲಿಲ್ಲ. ಒಂದು ದಿನ ಬಾವಿಕಟ್ಟೆಯಲ್ಲಿ ಬೂತಾಯಿ ತೊಳೆಯುವಾಗ ಕೇಳಿಯೇಬಿಟ್ಟಳು. ಸರೋಜ ಮೀನಿನ ತಲೆ ಮುರಿಯುತ್ತಾ, ಮದುವೆಯಾದಾಗಿನಿಂದ ದಿನಕ್ಕೆ ಹತ್ತು ಸಲ ತನ್ನ ಕಾಲು ಮುರಿದಿದೆ ಎಂದಳು. ಆ ಮನುಷ್ಯ ಒಂದು ದಿನ ಮುಟ್ಟಿದವನಲ್ಲ, ನಿಜ.

“ಆರೂ ಕೇಂಡ್ ಕೇಂಡ್ ಬಚ್ಚತ್ತ್, ಸುಸ್ತಾತ್ತ್ ಮಗಳೆ. ಬ್ಯಾಡ ಅಂಬುಕೆ ಆತ್ತ್ ಅಂದ್ಲೇ ನಂಗೆ ಗೊತ್ತಿರ್ಲಿಲ್ಲ. ನೀ ಹೇಳ್ದೆ, ನಿಂತ್ತ್.”

ಮೀನಿನ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಒಳಗೆ ಹೋದಳು. ದಣಿದವರ ಹಾಗೆ ನಡೆದಳು, ಆದರೂ ಹಗುರವಾಗಿ ನಡೆದಳು.

ಇತ್ತ ಸುಧಾಕರ ಮನೆಯಲ್ಲಿ ರಾತ್ರಿಯ ಊಟ ಬಿಟ್ಟಿದ್ದ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದ. ಹೊಟ್ಟೆ ಸರಿಯಿಲ್ಲದವನು ಹೆದ್ದಾರಿಯ ಹೋಟೆಲಿನಲ್ಲಿ ಗೋಳಿಬಜೆ ತಿನ್ನುವುದನ್ನು ಮೀನಿನ ಹೆಂಗಸು ಕಂಡಿದ್ದಳು. ಶ್ರಾವ್ಯಳೊಡನೆ ಅವನು ಜಗಳವಾಡಲಿಲ್ಲ. ಅವಳು ಕೇಳಿದ್ದಕ್ಕೆ ಹೂಂ ಎಂದ, ಕೇಳದಿದ್ದರೆ ಅದನ್ನೂ ಹೇಳಲಿಲ್ಲ. ಒಮ್ಮೆ ಮಾತ್ರ, ಮಗುವಿಗೆ ಏನಾದರೂ ಆದರೆ ನಾಳೆ ನನ್ನನ್ನು ಕೇಳಬೇಡ ಎಂದು ಗೋಡೆಗೆ ಹೇಳಿದ. ಶ್ರಾವ್ಯ ದೀಕ್ಷಾಳಿಗೆ ಫೋನ್ ಮಾಡಿ, ಇನ್ನೊಂದು ನಾಲ್ಕು ದಿನ ಸಮಯ ಕೊಡು ಎಂದು ಕೇಳಿದಳು. ದೀಕ್ಷಾ, ಔಷಧಿಯ ಪೆಟ್ಟಿಗೆಗಳು ಬಂದು ಬಿದ್ದಿವೆ ಮಾರಾಯ್ತಿ, ಬತ್ಯೋ ಇಲ್ಯೋ ಅಷ್ಟು ಹೇಳು ಎಂದಳು. ಶ್ರಾವ್ಯ ನಾಳೆ ಹೇಳುತ್ತೇನೆ ಎಂದು ಫೋನ್ ಇಟ್ಟಳು. ಊಟ ಬಿಟ್ಟು ಬಿಟ್ಟು ಅವಳ ಬಳೆಗಳು ಸಡಿಲವಾಗಿದ್ದವು.

ತಿಂಗಳ ಕೊನೆಯ ವಾರ ರತ್ನ ಟೀಚರ್ ಮತ್ತೆ ಕರೆದರು. ಅದೇ ಸಣ್ಣ ಕುರ್ಚಿ.

ಮಾವಯ್ಯ ಒಂದು ಮಾತೂ ಆಡಿಲ್ಲ ಎಂದು ಶ್ರಾವ್ಯ ಕೂರುವ ಮೊದಲೇ ಹೇಳಿದಳು. ಟೀಚರ್ ಹೌದೆಂದರು, ಮಗು ಈಗ ಕಾಲು ಮುರಿಯುವುದಿಲ್ಲ, ತೋರಣವನ್ನೂ ಕಟ್ಟುವುದಿಲ್ಲ. ಬೇರೆಯೇ ಒಂದು ಶುರುವಾಗಿದೆ. ಪಕ್ಕದಲ್ಲಿ ಕೂರುವ ಹುಡುಗಿ ಅವಳಿಗೆ ಬಣ್ಣದ ಪೆನ್ಸಿಲ್ ಕೊಡಲಿಲ್ಲ. ಪ್ರೇಕ್ಷಾ ಮೆಲ್ಲಗೆ, ‘ಆಯ್ತ್. ಕಾಂಬ’ ಎಂದಳು. ಬುತ್ತಿ ಮುಚ್ಚಿದಳು, ಮುಖ ತಿರುಗಿಸಿದಳು. ಅಂದಿನಿಂದ ಆ ಹುಡುಗಿಯ ಕಡೆಗೆ ನೋಡಿಲ್ಲ, ಮಾತಿಲ್ಲ. ಹುಡುಗಿ ತನ್ನ ಪೆನ್ಸಿಲ್ ಡಬ್ಬಿಯನ್ನೇ ಪೂರ್ತಿ ಇವಳ ಮುಂದೆ ಇಟ್ಟರೂ ಮುಟ್ಟಲಿಲ್ಲ. ಈಗ ಆ ಹುಡುಗಿಗೆ ಶಾಲೆಗೆ ಬರಲು ಹೆದರಿಕೆ.

“ಪ್ರಖ್ಯಾತನ ಜ್ವರ ಮರ್ದಿನಕ್ಕೇ ಬಿಡ್ತ್,” ಎಂದರು ಟೀಚರ್. “ಇದ್ ಬಿಡುದಿಲ್ಲ. ಇದ್ರ್ ಯಾರ್ ಕಲ್ಸದ್?”

ಶ್ರಾವ್ಯ ಎದ್ದಳು. ದಾರಿಯಲ್ಲಿ ಅಂಗಡಿ ಸಿಗುತ್ತದೆ. ಸುಧಾಕರ ಗಿರಾಕಿಯೊಬ್ಬನಿಗೆ ನಲ್ಲಿ ತಿರುಗಿಸಿ ತೋರಿಸುತ್ತಾ, ಸೋರುವುದಿಲ್ಲ, ಶಬ್ದವೂ ಬರುವುದಿಲ್ಲ ಎನ್ನುತ್ತಿದ್ದ. ಅವಳು ನಿಲ್ಲದೆ ಮನೆಗೆ ಬಂದಳು.

ಸರೋಜ ವಿಷಯ ಕೇಳಿ ಆಶ್ಚರ್ಯಪಡಲಿಲ್ಲ.

“ಸಣ್ಣಕ್ ಇಪ್ಪತಿಗೂ ಸುಧಾಕರ ಹಾಂಗೇ. ಅಪ್ಪ ಕೂಗ್ರೆ ಇವ ಉಂಬುದ್ ಬಿಡ್ತಿದ್ದ. ನಾವ್ ಎಲ್ಲ ಬಟ್ಲ್ ಹಿಡ್ಕಂಡ್ ಅವನ್ ಹಿಂದ್ ಓಡ್ತಿದ್ದಿತ್ತ್. ಅವಂಗೆ ಅದೇ ಸಮ ಅಂದ್ ಕಂಡಿತ್ತ್.” ಸೆರಗಿಗೆ ಕೈ ಒರೆಸಿಕೊಂಡು, “ಓಡ್ದವ್ರ್ ನಾವೇ ಅಲ್ದಾ,” ಎಂದಳು.

ಆ ರಾತ್ರಿ ಎಲ್ಲರನ್ನೂ ಊಟಕ್ಕೆ ಕರೆದದ್ದು ಶ್ರಾವ್ಯ. ಸುಧಾಕರನೂ ಬಂದು ಕೂತ, ಹೊಟ್ಟೆ ಸರಿಯಿಲ್ಲದವನ ಮುಖ ಇಟ್ಟುಕೊಂಡು. ಕುಷ್ಟ ವಾರಗಳಿಂದ ಇದ್ದಂತೆ ಬಾಯಿಗೆ ಬೀಗ ಹಾಕಿ ಕೂತಿದ್ದ. ಅವಳು ಬಡಿಸಿ ಮುಗಿಸಿ, ಒಂದನೇ ತಾರೀಕಿಗೆ ಬೈಂದೂರಿಗೆ ಹೋಗುತ್ತೇನೆ, ದೀಕ್ಷಾಳಿಗೆ ಹೇಳಿಯಾಯಿತು ಎಂದಳು.

“ಆಯ್ತ್,” ಎಂದ ಸುಧಾಕರ. “ನಾ ಎಂತ ಹೇಳ್ತಿಲ್ಲೆ. ಕಾಂಬ.”

ಬಟ್ಟಲನ್ನು ಸರಿಸಿದ. ಪಕ್ಕದಲ್ಲಿ ಇನ್ನೊಂದು ಬಟ್ಟಲು ಸರಿದ ಶಬ್ದ ಕೇಳಿತು. ಪ್ರೇಕ್ಷಾ ತನ್ನ ಸಣ್ಣ ಬಟ್ಟಲನ್ನು ಅಷ್ಟೇ ಮೆಲ್ಲಗೆ, ಅಷ್ಟೇ ದೂರ ಸರಿಸಿ, ಅಪ್ಪನ ಹಾಗೆಯೇ ಗೋಡೆ ನೋಡುತ್ತಿದ್ದಳು.

ಎಲ್ಲರೂ ಅದನ್ನು ನೋಡಿದರು. ಸುಧಾಕರನೂ ನೋಡಿದ.

ಕುಷ್ಟನ ಕುತ್ತಿಗೆಯ ನರ ಉಬ್ಬಿತು. ಅವನು ಸೊಸೆಯ ಕಡೆಗೆ ತಿರುಗಿ, ಶಾಲೆಯಲ್ಲಿ ಮಕ್ಕಳು ಕೈ ಎತ್ತುವ ಹಾಗೆ ಎಡಗೈ ಎತ್ತಿ ಕೇಳಿದ: “ಶ್ರಾವ್ಯಾ, ಒಂದೇ ಸಲ ಹೇಳ್ಲಾ?”

“ಬ್ಯಾಡ ಮಾವಯ್ಯ. ನಾನೇ ಕೇಣ್ತೆ.” ಅವಳು ಎದ್ದು ಫ್ಯಾನ್ ಆಫ್ ಮಾಡಿ ಬಂದು ಗಂಡನ ಎದುರು ಕೂತಳು. ಸ್ವರ ಎತ್ತಲಿಲ್ಲ, ಎತ್ತಲು ಅವಳಲ್ಲಿ ಶಕ್ತಿಯೂ ಉಳಿದಿರಲಿಲ್ಲ. “ಕಾಂಬ ಅಂದ್ರೆ ಎಂತ?”

“ಎಂತ ಅಂದ್ರೆ? ಕಾಂಬ, ಅಷ್ಟೇ.”

“ನೀವ್ ಎಂತ ಕಾಂಬುದ್? ನಾ ಹೋರೆ ಎಂತ ಮಾಡ್ತ್ರಿ? ಉಂತಿಲ್ಯಾ? ಮಾತಾಡ್ತಿಲ್ಯಾ? ಎಷ್ಟ್ ದಿನ? ಈಗ್ಳೇ ಹೇಳಿ. ಗೊತ್ತಿದ್ರೆ ಅಡುಗೆ ಅಷ್ಟೇ ಮಾಡುಕ್ ಆತ್ತ್.”

ಸುಧಾಕರ ನೀರಿನ ಲೋಟವನ್ನು ಅತ್ತಿತ್ತ ಸರಿಸಿದ. ಆ ಮಾತಿನ ಒಳಗೆ ಏನಿದೆಯೆಂದು ಈವರೆಗೆ ಯಾರೂ ಬಿಚ್ಚಿ ನೋಡಿದವರಲ್ಲ, ಅವನೂ ನೋಡಿದವನಲ್ಲ. ತಾನು ಬೈದಿಲ್ಲ, ಹೊಡೆದಿಲ್ಲ, ಹೋಗಬೇಡ ಅಂದಿಲ್ಲ ಎಂದು ಕೊನೆಗೆ ಹೇಳಿದ. ಅದೆಲ್ಲ ಹೌದೆಂದು ಅವಳು ಒಪ್ಪಿದಳು.

“ಮಗಾ,” ಎಂದ ಕುಷ್ಟ, ಬಹಳ ಮೆತ್ತಗೆ, ಅವನ ಗಂಟಲಲ್ಲಿ ಆ ಸ್ವರ ಇದೆಯೆಂದು ಸರೋಜಳಿಗೂ ಗೊತ್ತಿರಲಿಲ್ಲ. “ನಾನ್ ಕಾಲ್ ಮುರಿತೆ ಅಂದ್ರೆ, ಮುರುದ್ ಕಾಲ್ ಅಂದಾರೂ ಗೊತ್ತಾತಿತ್ತ್. ನಿಂದ್ ಎಂತ ಮುರುದಾ?”

ಸುಧಾಕರ ಎದ್ದು ಕೈ ತೊಳೆದು ಮಲಗಲು ಹೋದ. ಆ ರಾತ್ರಿಯೂ ಎರಡು ಬಟ್ಟಲುಗಳಿಗೆ ಮುಚ್ಚಳ ಬಿತ್ತು.

ಒಂದನೇ ತಾರೀಕು ಮಳೆಯಿರಲಿಲ್ಲ. ಶ್ರಾವ್ಯ ಎರಡು ಹೊತ್ತಿನ ಅಡುಗೆ ಮುಗಿಸಿ, ಪ್ರೇಕ್ಷಾಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಬ್ಯಾಗ್ ಹಿಡಿದು ಗದ್ದೆಯ ಅಂಚಿನಲ್ಲಿ ಓಡಿದಳು. ನಾಯಿ ಗೇಟಿನಿಂದ ಏಳದ ಕಾರಣ ತಡವಾಗಿತ್ತು. ತೋಡಿನ ಕಾಲುಸಂಕ ದಾಟುವಾಗಲೇ ಬೈಂದೂರಿನ ಬಸ್ಸು ಕಾಣಿಸಿಕೊಂಡಿತು. ನಿಲ್ಲುವ ಲಕ್ಷಣ ಅದಕ್ಕಿರಲಿಲ್ಲ. ಹೆದ್ದಾರಿಯಾಚೆ ಅಂಗಡಿಯ ಬಾಗಿಲಲ್ಲಿ ಸುಧಾಕರ ನಿಂತಿದ್ದ. ಅವನು ಕೈ ಅಡ್ಡ ಹಿಡಿದಿದ್ದರೆ ಸಾಕಿತ್ತು. ಅವನ ಕೈ ಜೇಬಿನಲ್ಲಿತ್ತು.

ಅಂಗಳದಲ್ಲಿ ನಿಂತ ಕುಷ್ಟ ಸೊಸೆಯ ಬೆನ್ನು ನೋಡಿದ, ಬಸ್ಸು ನೋಡಿದ. ಮಗು ಮನೆಯಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡ.

“ಹ್ವಾಯ್, ನಿಲ್ಸಾ, ಕಾಲ್ ಮುರಿತೆ!”

ವಾರಗಟ್ಟಲೆ ಒಳಗಿದ್ದ ಸ್ವರ. ಹೆಮ್ಮಾಡಿಯ ತನಕ ಕೇಳಿತೆಂದು ಅಲ್ಲಿಯವರು ಹೇಳುತ್ತಾರೆ. ಎದುರಿನಿಂದ ಬರುತ್ತಿದ್ದ ಕುಂದಾಪುರದ ಬಸ್ಸೂ ನಿಂತಿತು, ಅದರ ಹಿಂದಿನ ಮೀನಿನ ಲಾರಿಯೂ ನಿಂತಿತು. ಗೇಟಿನ ನಾಯಿ ಎದ್ದು ನಿಂತು ಬಾಲ ಅಲ್ಲಾಡಿಸಿತು. ಶ್ರಾವ್ಯ ಬಸ್ಸಿನ ಮೆಟ್ಟಿಲಲ್ಲಿ ತಿರುಗಿ ಒಮ್ಮೆ ಮನೆಯ ಕಡೆ ನೋಡಿದಳು. ಕುಷ್ಟ ತಪ್ಪು ಮಾಡಿದವನಂತೆ ತೆಂಗಿನ ಮರದ ಹಿಂದೆ ಸರಿದ.

ಸಂಜೆ ಅವಳು ವಾಪಸ್ಸು ಬಂದಾಗ ಸೀರೆಗೆ ಔಷಧಿಯ ವಾಸನೆ. ಕಾಲು ಊದಿತ್ತು. ಸಾರು ಬಿಸಿಮಾಡಿ ಎಲ್ಲರಿಗೂ ಬಡಿಸಿದಳು. ಸುಧಾಕರ ಬಂದು ಕೂತು, ಬಟ್ಟಲು ನೋಡಿ, ಮೆಲ್ಲಗೆ ಮುಂದೆ ಸರಿಸಿದ. ಆದರೆ ಏಳಲಿಲ್ಲ, ಕೂತೇ ಇದ್ದ.

ಶ್ರಾವ್ಯ ಅನ್ನಕ್ಕೆ ಸಾರು ಹಾಕಿಕೊಂಡು ಉಣ್ಣತೊಡಗಿದಳು. ಮೊದಲ ತುತ್ತು ಇಳಿದ ಮೇಲೆ ಎರಡನೆಯದನ್ನು ಕಲಸಿದಳು. ಸರೋಜ ಮುಚ್ಚಳ ತರಲು ಏಳುವವಳು ಅಲ್ಲೇ ಕೂತಳು.

ಪ್ರೇಕ್ಷಾ ತನ್ನ ಬಟ್ಟಲಿನ ಅಂಚಿನ ಮೇಲೆ ಕೈಯಿಟ್ಟು, ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕೊನೆಗೆ ಅಜ್ಜನ ಕಡೆಗೆ ತಿರುಗಿದಳು.

“ಅಜ್ಜಯ್ಯ, ನಾ ಉಣ್ದೆ ಇದ್ರೆ ನೀವ್ ಎಂತ ಮಾಡ್ತ್ರಿ?”

ಕುಷ್ಟ ಅಭ್ಯಾಸದಂತೆ ಸೊಸೆಯ ಮುಖ ನೋಡಿದ. ಅವಳು ತಲೆ ಎತ್ತದೆ ಮುಳ್ಳು ಬಿಡಿಸುತ್ತಿದ್ದಳು.

“ಎಂತ ಮಾಡುದ್,” ಎಂದ ಅವನು. “ನಾನೇ ಉಣ್ತೆ.”

ಮಗು ಬಟ್ಟಲನ್ನು ಎರಡೂ ಕೈಯಿಂದ ತನ್ನ ಕಡೆಗೆ ಎಳೆದುಕೊಂಡಿತು. ಮಗನೂ ಹಾಗೆ ಮಾಡುತ್ತಾನೋ ಎಂದು ಕುಷ್ಟ ನೋಡಿದ. ಆಮೇಲೆ ಕೈ ಚಾಚಿ, ಮಗ ಸರಿಸಿಟ್ಟ ಬಟ್ಟಲನ್ನು ತನ್ನ ಮುಂದೆ ತಂದು, ಅದರಲ್ಲಿದ್ದ ಬಂಗುಡೆಯನ್ನು ತಲೆಯ ಕಡೆಯಿಂದ ತಿನ್ನಲು ಶುರುಮಾಡಿದ. ಮಾಡುತ್ತೇನೆಂದು ಹೇಳಿದ್ದನ್ನು ಅವನು ಮಾಡಿ ತೋರಿಸಿದ್ದು ಆಯುಷ್ಯದಲ್ಲಿ ಅದೇ ಮೊದಲು.